ಹಾರಿಸುವುದು ಸುಲಭ, ನಿಲ್ಲಿಸುವುದೇ ಕಷ್ಟ

ನಮ್ಮ ಕಡೆಯ ಮದುವೆಗಳಲ್ಲಿ ಈಗ ವಾಲಗದವರಷ್ಟೇ ಡ್ರೋನ್‌ನವರೂ ಮಾಮೂಲಿ. ಛತ್ರದ ಮುಂದೆ ಡ್ರೋನ್ ಮೇಲೇರಿಸಿದ ಹುಡುಗ ಎರಡೂ ಕೈ ಬಿಟ್ಟು ತಲೆಗೂದಲು ಸರಿಮಾಡಿಕೊಳ್ಳುತ್ತಾನೆ. ಡ್ರೋನ್ ಮಾತ್ರ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಂತೆ ಅಲ್ಲೇ ನಿಂತಿರುತ್ತದೆ. ನೋಡಿದವರಿಗೆ ‘ಇಷ್ಟೇನಾ? ನಾನೂ ಮಾಡಬಹುದಲ್ಲ’ ಅನಿಸುತ್ತದೆ.

ಆದರೆ ಅದನ್ನು ಅಲ್ಲಿ ನಿಲ್ಲಿಸಿರುವುದು ಆ ಹುಡುಗನ ಕೈ ಅಲ್ಲ. ಒಳಗಿರುವ ಜಿಪಿಎಸ್, ಗೈರೊ ಮತ್ತು ಪುಟ್ಟ ಕಂಪ್ಯೂಟರ್ ಸೇರಿ ಕ್ಷಣಕ್ಷಣಕ್ಕೂ ತಿದ್ದುತ್ತಿರುತ್ತವೆ. ಯಾವುದೋ ಕಾರಣಕ್ಕೆ ಜಿಪಿಎಸ್ ಸಿಗ್ನಲ್ ಹೋದರೆ ಅದೇ ಡ್ರೋನ್ ಗಾಳಿ ಬೀಸಿದ ಕಡೆಗೆ ತೇಲತೊಡಗುತ್ತದೆ. ಆಗ ಅದನ್ನು ಹಿಡಿದು ನಿಲ್ಲಿಸಲು ಬೇಕಾಗುವುದು ಮನುಷ್ಯನ ಕೈ, ಕಣ್ಣು ಮತ್ತು ತಾಳ್ಮೆ. ಈ ಮೂರನ್ನೂ ಕಡಿಮೆ ಖರ್ಚಿನಲ್ಲಿ ಕಲಿಸುವ ಒಂದು ಯಂತ್ರವಿದೆ. ಅದೇ ರಿಮೋಟ್ ಕಂಟ್ರೋಲ್ ಹೆಲಿಕಾಪ್ಟರ್.

ನಾವು ನಾಲ್ವರು ಗೆಳೆಯರು. ನಾನು ಚನ್ನಪಟ್ಟಣದವನು, ಉಳಿದ ಮೂವರು ರಾಮನಗರ, ಕನಕಪುರ, ಮಾಗಡಿಯವರು. ಎಲ್ಲರೂ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರೇ. ಹಣ ಕೂಡಿಸಿ ಒಂದು ಹೆಲಿಕಾಪ್ಟರ್ ಕೊಂಡು, ಭಾನುವಾರಕ್ಕೊಂದು ಊರಿನಲ್ಲಿ ಸೇರಿ ಕಲಿಯುತ್ತಿದ್ದೇವೆ. ‘ಈ ವಯಸ್ಸಲ್ಲಿ ಆಟದ ಸಾಮಾನಾ?’ ಎಂದು ಮನೆಯವರು ಕೇಳುತ್ತಾರೆ. ಅವರಿಗೂ ನಿಮಗೂ ಸೇರಿಸಿ ಈ ಬರಹ.

ಆಟಿಕೆಯಿಂದಲೇ ಬಂದ ಹೆಲಿಕಾಪ್ಟರ್

ಅಮೆರಿಕದ ಆರ್ಥರ್ ಯಂಗ್ ಎಂಬಾತ ಒಂದು ದಶಕಕ್ಕೂ ಹೆಚ್ಚು ಕಾಲ ಕೊಟ್ಟಿಗೆಯಂಥ ಕಟ್ಟಡದಲ್ಲಿ ಕುಳಿತು ಪುಟ್ಟ ಮಾದರಿ ಹೆಲಿಕಾಪ್ಟರ್‌ಗಳನ್ನೇ ಮಾಡಿದ, ಹಾರಿಸಿದ, ಒಡೆದ, ಮತ್ತೆ ಮಾಡಿದ. ವಿದ್ಯುತ್ ಮೋಟಾರಿನಿಂದ ಓಡುವ, ತಂತಿಯ ಮೂಲಕ ದೂರದಿಂದ ನಿಯಂತ್ರಿಸುವ ಮಾದರಿಗಳವು. ರೋಟರ್‌ನ ಕೆಳಗೆ ಎರಡೂ ತುದಿಯಲ್ಲಿ ತೂಕವಿರುವ ಒಂದು ಕಡ್ಡಿ ಸೇರಿಸಿದರೆ ಯಂತ್ರ ಗಾಳಿಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ ಎಂಬುದು ಅವನಿಗೆ ಹೊಳೆದದ್ದು ಈ ಆಟಿಕೆಗಳಿಂದಲೇ. 1941ರಲ್ಲಿ ಆ ಮಾದರಿಯನ್ನು ಬೆಲ್ ಕಂಪನಿಗೆ ತೋರಿಸಿದ. ಅದರಿಂದ ಬೆಳೆದ ಬೆಲ್ 47, 1946ರ ಮಾರ್ಚ್ 8ರಂದು ನಾಗರಿಕ ಬಳಕೆಗೆ ಪ್ರಮಾಣಪತ್ರ ಪಡೆದ ಮೊದಲ ಹೆಲಿಕಾಪ್ಟರ್ ಆಯಿತು. ಆ ಕಡ್ಡಿಯ ವಂಶದ್ದೇ ಒಂದು ಕಡ್ಡಿ ಇಂದಿಗೂ ಎಷ್ಟೋ ಕಲಿಕೆಯ ಮಾದರಿಗಳ ನೆತ್ತಿಯ ಮೇಲೆ ತಿರುಗುತ್ತದೆ. ಅದರ ಹೆಸರು ಫ್ಲೈಬಾರ್.

ರೇಡಿಯೊ ಮೂಲಕ ನಿಯಂತ್ರಿಸುವ ಮಾದರಿ ಹೆಲಿಕಾಪ್ಟರ್ ಹವ್ಯಾಸಿಗಳ ಕೈಗೆ ಬಂದದ್ದು 1970ರ ಸುಮಾರಿಗೆ, ಜರ್ಮನಿಯ ಡೀಟರ್ ಶ್ಲುಟರ್ ಅವರ ಪ್ರಯತ್ನದಿಂದ. ಮುಂದೆ ಜಪಾನಿನ ಯಮಾಹಾ ಕಂಪನಿ 1987ರಲ್ಲಿ ಆರ್-50 ಎಂಬ ಮಾನವರಹಿತ ಹೆಲಿಕಾಪ್ಟರ್ ತಂದು ಭತ್ತದ ಗದ್ದೆಗಳಿಗೆ ಔಷಧಿ ಸಿಂಪಡಿಸತೊಡಗಿತು. ಇಂದು ನಮ್ಮ ತೋಟಗಳಿಗೆ ಬರುತ್ತಿರುವ ಸಿಂಪಡಣೆ ಡ್ರೋನ್‌ಗೆ ಇದು ಹಿರಿಯಣ್ಣ.

ಇನ್ನು ನಮ್ಮ ನೆರೆಯನ್ನೇ ನೋಡಿ. ಎಚ್‌ಎಎಲ್‌ನ ‘ಧ್ರುವ’ ಹೆಲಿಕಾಪ್ಟರ್ ಮೊದಲು ಹಾರಿದ್ದು ಬೆಂಗಳೂರಿನಲ್ಲಿ, 1992ರಲ್ಲಿ. ಮಾಗಡಿಯಿಂದ ಕುಣಿಗಲ್ ದಾಟಿ ಮುಂದೆ ಹೋದರೆ ಸಿಗುವ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಹೆಲಿಕಾಪ್ಟರ್ ನಮಗೆ ದೂರದ ವಸ್ತುವೇನೂ ಅಲ್ಲ.

ಯಾವುದನ್ನು ಕೊಳ್ಳುವುದು?

ಕಲಿಯುವವರ ಮುಂದೆ ಮೂರು ಬಗೆ ಇವೆ. ಮೊದಲನೆಯದು ಒಂದರ ಮೇಲೊಂದು ಎರಡು ರೋಟರ್ ಇರುವ ‘ಕೊಆಕ್ಸಿಯಲ್’. ಎರಡೂ ವಿರುದ್ಧ ದಿಕ್ಕಿಗೆ ತಿರುಗುವುದರಿಂದ ದೇಹ ಗಿರಗಿರನೆ ಸುತ್ತುವ ತೊಂದರೆ ಇಲ್ಲ. ಕೋಣೆಯೊಳಗೆ ಹಾರಿಸಬಹುದು. ಆದರೆ ಹೊರಗಿನ ಸಣ್ಣ ಗಾಳಿಗೂ ಸೋಲುತ್ತದೆ. ಎರಡನೆಯದು ಒಂದೇ ದೊಡ್ಡ ರೋಟರ್, ಬಾಲದಲ್ಲೊಂದು ಪುಟ್ಟ ರೋಟರ್ ಇರುವ ನಾಲ್ಕು ಚಾನೆಲ್‌ನ ‘ಫಿಕ್ಸೆಡ್ ಪಿಚ್’. ಇದರಲ್ಲಿ ಬ್ಲೇಡ್‌ಗಳ ಮೂಲ ಓರೆ ಬದಲಾಗುವುದಿಲ್ಲ, ವೇಗ ಹೆಚ್ಚಿಸಿದರೆ ಏರುತ್ತದೆ, ತಗ್ಗಿಸಿದರೆ ಇಳಿಯುತ್ತದೆ. ಮೂರನೆಯದು ಬ್ಲೇಡ್‌ನ ಓರೆಯನ್ನೇ ಬದಲಿಸುವ ಆರು ಚಾನೆಲ್‌ನ ‘ಕಲೆಕ್ಟಿವ್ ಪಿಚ್’. ತಲೆಕೆಳಗಾಗಿ ಹಾರುವ ಸಾಹಸವೆಲ್ಲ ಇದರದ್ದು. ಬಿದ್ದರೆ ಖರ್ಚೂ ಇದರದ್ದೇ ಜಾಸ್ತಿ.

ನನ್ನ ಸಲಹೆ ಎರಡನೆಯದು. ನಿಲ್ಲಿಸುವ ಕಷ್ಟ ಪೂರ್ತಿ ಇದೆ, ಬಿದ್ದಾಗ ನಷ್ಟ ಕಡಿಮೆ. ಕೊಳ್ಳುವಾಗ ಎರಡು ವಿಷಯ ನೋಡಿ. ಬ್ಲೇಡ್, ಶಾಫ್ಟ್, ಬಾಲದ ಕೊಳವೆಯಂಥ ಬಿಡಿಭಾಗ ಸುಲಭವಾಗಿ ಸಿಗಬೇಕು. ರಿಮೋಟ್ ‘ಮೋಡ್ 2’ ಆಗಿದ್ದರೆ ಅನುಕೂಲ, ಅಂದರೆ ಏರಿಳಿತ ಮತ್ತು ಮೂತಿ ತಿರುಗಿಸುವುದು ಎಡಗೈಯಲ್ಲಿ, ಹಿಂದೆ-ಮುಂದೆ ಹಾಗೂ ಎಡ-ಬಲಕ್ಕೆ ವಾಲಿಸುವುದು ಬಲಗೈಯಲ್ಲಿ. ಹೆಚ್ಚಿನ ಡ್ರೋನ್ ರಿಮೋಟ್‌ಗಳೂ ಹೀಗೇ ಇರುವುದರಿಂದ ಇಲ್ಲಿ ಕಲಿತದ್ದು ಅಲ್ಲೂ ನಡೆಯುತ್ತದೆ. ಲ್ಯಾಪ್‌ಟಾಪ್ ಇದ್ದವರು ಮೊದಲು ಸಿಮ್ಯುಲೇಟರ್‌ನಲ್ಲಿ ಕೆಲವು ಗಂಟೆ ಕಳೆಯುವುದು ಜಾಣತನ. ಅಲ್ಲಿ ನೂರು ಸಲ ಬಿದ್ದರೂ ಹತ್ತು ರೂಪಾಯಿ ಖರ್ಚಿಲ್ಲ.

ಬುಗುರಿಯ ಊರಿನ ಪಾಠ

ಪೆಟ್ಟಿಗೆ ಬಿಚ್ಚಿದ ತಕ್ಷಣ ಹಾರಿಸಬೇಡಿ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡನ್ನು ಲೇತ್‌ಗೆ ಕೊಟ್ಟು, ಅರಗಿನ ಬಣ್ಣ ಹಚ್ಚಿ ಬುಗುರಿ ಮಾಡುವವರನ್ನು ನೋಡಿದ್ದರೆ ಒಂದು ಮಾತು ಗೊತ್ತಿರುತ್ತದೆ. ಮರ ಎಷ್ಟೇ ಚೆನ್ನಾಗಿರಲಿ, ಬಣ್ಣ ಎಷ್ಟೇ ಹೊಳೆಯಲಿ, ತೂಕ ನಡುವಿಗೆ ಬಾರದಿದ್ದರೆ ಬುಗುರಿ ಅದುರುತ್ತದೆ, ಬೇಗ ಬೀಳುತ್ತದೆ. ಹೆಲಿಕಾಪ್ಟರ್ ಕೂಡ ಒಂದು ಬುಗುರಿಯೇ. ಹೊಂದಿಸುವ ಕೆಲಸದಲ್ಲಿ ಅರ್ಧ ಹಾರಾಟ ಮುಗಿದಂತೆ.

ಮೊದಲು ತೂಕದ ನಡು. ಫ್ಲೈಬಾರನ್ನು ಅಡ್ಡಕ್ಕೆ ತಿರುಗಿಸಿ, ಅದರ ಎರಡು ಬದಿಯನ್ನು ಬೆರಳಿನಿಂದ ಹಿಡಿದು ಎತ್ತಿ. ದೇಹ ನೆಲಕ್ಕೆ ಸಮನಾಗಿ ತೂಗಬೇಕು. ಮೂತಿ ಬಗ್ಗಿದರೆ ಬ್ಯಾಟರಿಯನ್ನು ತುಸು ಹಿಂದಕ್ಕೆ, ಬಾಲ ಬಗ್ಗಿದರೆ ಮುಂದಕ್ಕೆ ಸರಿಸಿ.

ಎರಡನೆಯದು ಬ್ಲೇಡ್. ಸ್ಕ್ರೂ ತೀರಾ ಬಿಗಿಯೂ ಬೇಡ, ಸಡಿಲವೂ ಬೇಡ. ಹೆಲಿಕಾಪ್ಟರನ್ನು ಪಕ್ಕಕ್ಕೆ ವಾಲಿಸಿ ಹಿಡಿದಾಗ ಬ್ಲೇಡ್ ತಾನಾಗಿ ಜೋತು ಬೀಳಬಾರದು, ಬೆರಳಲ್ಲಿ ಮೆಲ್ಲಗೆ ತಳ್ಳಿದರೆ ಸರಿಯಬೇಕು. ಎರಡು ಬ್ಲೇಡ್ ತುದಿಗೆ ಬೇರೆ ಬೇರೆ ಬಣ್ಣದ ಟೇಪ್ ಅಂಟಿಸಿ, ತಿರುಗುವಾಗ ದೂರದಿಂದ ಅಂಚಿಗೆ ಕಣ್ಣು ಸಮನಾಗಿಸಿ ನೋಡಿ. ಎರಡು ಬಣ್ಣ ಎರಡು ಗೆರೆಯಾಗಿ ಕಂಡರೆ ಒಂದು ಬ್ಲೇಡ್ ಮೇಲೆ, ಇನ್ನೊಂದು ಕೆಳಗೆ ಓಡುತ್ತಿದೆ ಎಂದರ್ಥ. ಮೋಟಾರ್ ನಿಲ್ಲಿಸಿ, ಬ್ಯಾಟರಿ ಕಳಚಿ, ಒಂದು ಬ್ಲೇಡ್‌ನ ಕೊಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಎರಡೂ ಒಂದೇ ಗೆರೆಯಾಗುವಂತೆ ಮಾಡಿ.

ಮೂರನೆಯದು ಸ್ವಾಶ್‌ಪ್ಲೇಟ್. ರೋಟರ್‌ನ ಕೆಳಗಿರುವ ಈ ತಟ್ಟೆಯೇ ನಿಮ್ಮ ಬಲಗೈಯ ಮಾತನ್ನು ತಿರುಗುವ ಬ್ಲೇಡ್‌ಗೆ ತಲುಪಿಸುವುದು. ರಿಮೋಟ್‌ನ ಕೋಲುಗಳು ನಡುವಿನಲ್ಲಿದ್ದಾಗ ಅದು ಎಲ್ಲ ಕಡೆಯಿಂದಲೂ ಸಮತಟ್ಟಾಗಿರಬೇಕು.

ನಾಲ್ಕನೆಯದು ಬಾಲದ ಗೈರೊ. ಬ್ಯಾಟರಿ ಸಿಕ್ಕಿಸಿದ ಮೇಲೆ ಕೆಲವು ಸೆಕೆಂಡ್ ಹೆಲಿಕಾಪ್ಟರನ್ನು ಅಲುಗಾಡಿಸಬೇಡಿ, ಆ ಹೊತ್ತಿನಲ್ಲಿ ಗೈರೊ ತನ್ನ ನೆಲೆ ಗುರುತಿಸಿಕೊಳ್ಳುತ್ತಿರುತ್ತದೆ. ಹಾರುವಾಗ ಮೂತಿ ತಾನಾಗಿ ಎಡಕ್ಕೆ ತಿರುಗಿದರೆ ಗೈರೊ ಅದನ್ನು ಬಲಕ್ಕೆ ಎಳೆಯಬೇಕು. ಇದು ಉಲ್ಟಾ ಆಗಿದ್ದರೆ ನೆಲ ಬಿಟ್ಟ ಕ್ಷಣವೇ ಯಂತ್ರ ನಿಜಕ್ಕೂ ಬುಗುರಿಯಾಗಿಬಿಡುತ್ತದೆ.

ಕೊನೆಗೆ ಕಲಿಕೆಯ ಕಾಲು. ಎರಡು ಹಗುರವಾದ ಕಡ್ಡಿಗಳನ್ನು ಗುಣಿಸು ಚಿಹ್ನೆಯಂತೆ ಕಟ್ಟಿ, ನಾಲ್ಕು ತುದಿಗೂ ಪಿಂಗ್‌ಪಾಂಗ್ ಚೆಂಡು ಸಿಕ್ಕಿಸಿ, ಹೆಲಿಕಾಪ್ಟರ್‌ನ ಕಾಲಿಗೆ ಬಿಗಿದರೆ ಅದು ಸುಲಭಕ್ಕೆ ಮಗುಚುವುದಿಲ್ಲ. ಸೀಳಿದ ಬಿದಿರಿನ ಕಡ್ಡಿಯೂ ಆದೀತು. ಚೆಂಡಿನ ಬದಲು ನಮ್ಮೂರಿನ ಮರದ ಗುಂಡು ಸಿಕ್ಕಿಸುವ ಆಸೆ ಚನ್ನಪಟ್ಟಣದವರಿಗೆ ಬರುವುದು ಸಹಜ. ಆದರೆ ಸಣ್ಣ ಮಾದರಿಗೆ ಆ ತೂಕ ಹೆಚ್ಚಾಗುತ್ತದೆ.

ಬ್ಯಾಟರಿ ಜೋಪಾನ

ಈ ಹವ್ಯಾಸದಲ್ಲಿ ಬ್ಲೇಡ್‌ನಷ್ಟೇ ಭಯ ಇಟ್ಟುಕೊಳ್ಳಬೇಕಾದದ್ದು ಲಿಥಿಯಂ ಪಾಲಿಮರ್ ಬ್ಯಾಟರಿಗೆ. ಇದರ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. 3 ವೋಲ್ಟ್‌ಗಿಂತ ಕೆಳಗಿಳಿದರೆ ಹಾಳಾಗುತ್ತದೆ, ಅದಕ್ಕೂ ಸಾಕಷ್ಟು ಮೊದಲೇ ಇಳಿಸಿಬಿಡಿ. ಹಲವು ದಿನ ಬಳಸುವುದಿಲ್ಲವಾದರೆ ಸೆಲ್‌ಗೆ 3.8 ವೋಲ್ಟ್ ಆಸುಪಾಸು ಇಟ್ಟಿಡಿ. 1000 ಎಂಎಎಚ್ ಬ್ಯಾಟರಿಯಾದರೆ 1 ಆಂಪಿಯರ್‌ನಲ್ಲಿ ಚಾರ್ಜ್ ಮಾಡುವುದು ಸುರಕ್ಷಿತ. ಹಾಸಿಗೆಯ ಮೇಲೆ, ರಾತ್ರಿಯಿಡೀ, ಯಾರೂ ಇಲ್ಲದ ಕೋಣೆಯಲ್ಲಿ ಚಾರ್ಜ್‌ಗೆ ಹಾಕಲೇಬೇಡಿ. ನಾವು ಮಣ್ಣಿನ ಹಂಚಿನ ಮೇಲಿಟ್ಟು, ಎದುರಿಗೇ ಕುಳಿತು ಚಾರ್ಜ್ ಮಾಡುತ್ತೇವೆ. ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಮತ್ತೆ ಮುಟ್ಟುವುದಿಲ್ಲ.

ಇನ್ನೊಂದು ಕ್ರಮ ಬಾಯಿಪಾಠವಾಗಬೇಕು. ಶುರು ಮಾಡುವಾಗ ಥ್ರಾಟಲ್ ಕೆಳಗಿಳಿಸಿ ಮೊದಲು ರಿಮೋಟ್ ಆನ್, ಆಮೇಲೆ ಹೆಲಿಕಾಪ್ಟರ್‌ನ ಬ್ಯಾಟರಿ. ಮುಗಿಸುವಾಗ ಮೊದಲು ಬ್ಯಾಟರಿ ಕಳಚಿ, ಆಮೇಲೆ ರಿಮೋಟ್ ಆಫ್.

ತಟ್ಟೆಯ ಮೇಲಿನ ಗೋಲಿ

ಈಗ ಅಸಲು ಪಾಠ. ಹಾರಿಸುವ ಮುಂಚೆ ಮನೆಯಲ್ಲಿ ಒಂದು ಸ್ಟೀಲ್ ತಟ್ಟೆ, ಒಂದು ಗೋಲಿ ತೆಗೆದುಕೊಳ್ಳಿ. ತಟ್ಟೆಯನ್ನು ಎಡಕ್ಕೆ ವಾಲಿಸಿದರೆ ಗೋಲಿ ಎಡಕ್ಕೆ ಉರುಳುತ್ತದೆ. ತಟ್ಟೆಯನ್ನು ಸಮ ಮಾಡಿದಿರಿ ಅನ್ನಿ, ಗೋಲಿ ನಿಲ್ಲುತ್ತದೆಯೇ? ಇಲ್ಲ, ಉರುಳುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಲು ತಟ್ಟೆಯನ್ನು ಕ್ಷಣ ಕಾಲ ಬಲಕ್ಕೆ ವಾಲಿಸಿ, ನಿಂತ ಗಳಿಗೆಯಲ್ಲೇ ಸಮ ಮಾಡಬೇಕು.

ಹೋವರ್ ಎಂದರೆ ಇಷ್ಟೇ. ರೋಟರ್ ತಿರುಗುವ ವೃತ್ತವೇ ತಟ್ಟೆ, ಹೆಲಿಕಾಪ್ಟರೇ ಗೋಲಿ. ಕೋಲನ್ನು ಎಡಕ್ಕೆ ಒತ್ತಿದರೆ ಯಂತ್ರ ಎಡಕ್ಕೆ ವಾಲುತ್ತದೆ, ವಾಲಿದ್ದರಿಂದ ಆ ಕಡೆ ಓಡುತ್ತದೆ. ಕೋಲನ್ನು ನಡುವಿಗೆ ತಂದರೂ ಓಟ ನಿಲ್ಲುವುದಿಲ್ಲ, ವಿರುದ್ಧ ದಿಕ್ಕಿಗೆ ಒಂದು ಸಣ್ಣ ತಿದ್ದುಪಡಿ ಬೇಕೇ ಬೇಕು. ಹೊಸಬರ ಕೈ ಎರಡು ಕಡೆ ಎಡವುತ್ತದೆ. ಒಂದು, ಓಡಿದ ಮೇಲೆ ತಿದ್ದುವುದು. ಇನ್ನೊಂದು, ಗಾಬರಿಯಿಂದ ಕೋಲನ್ನು ಪೂರ್ತಿ ಒತ್ತುವುದು. ಆಗ ಎಡಕ್ಕೆ ಹೋಗುತ್ತಿದ್ದದ್ದು ಎರಡರಷ್ಟು ವೇಗದಲ್ಲಿ ಬಲಕ್ಕೆ ಬರುತ್ತದೆ. ಪಳಗಿದವರ ಬೆರಳನ್ನು ಗಮನಿಸಿ, ಅದು ಅಲುಗಾಡುತ್ತಿದೆಯೇ ಎಂದೇ ಅನುಮಾನ ಬರುತ್ತದೆ. ಅವರು ಯಂತ್ರ ಓಡುವುದನ್ನು ಕಾಯುವುದಿಲ್ಲ, ವಾಲುವುದನ್ನು ಕಂಡಾಗಲೇ ತಿದ್ದಿರುತ್ತಾರೆ.

ಕಲಿಯುವ ಮೆಟ್ಟಿಲುಗಳು ಹೀಗಿವೆ. ಬಾಲ ನಿಮ್ಮ ಕಡೆಗಿರುವಂತೆ ಇಟ್ಟು, ಐದಾರು ಹೆಜ್ಜೆ ಹಿಂದೆ ನಿಲ್ಲಿ. ಯಂತ್ರ ದೊಡ್ಡದಾದಷ್ಟೂ ಅಂತರ ಹೆಚ್ಚಿರಲಿ. ಮೊದಲು ಥ್ರಾಟಲ್ ಮೆಲ್ಲಗೆ ಏರಿಸಿ, ಕಾಲು ನೆಲದ ಮೇಲೆ ಹಗುರಾಗುವಷ್ಟಕ್ಕೆ ನಿಲ್ಲಿಸಿ. ಯಾವ ಕಡೆಗೆ ಜಾರಲು ನೋಡುತ್ತದೆ ಎಂದು ಗಮನಿಸಿ ಟ್ರಿಮ್ ಸರಿಪಡಿಸಿ. ಈ ಜಾರಾಟದ ಅಭ್ಯಾಸವನ್ನೇ ಕೆಲವು ಬ್ಯಾಟರಿಗಳ ತನಕ ಮಾಡಿ. ಆಮೇಲೆ ಒಂದೆರಡು ಸೆಕೆಂಡಿನ ಪುಟ್ಟ ಜಿಗಿತ, ಮತ್ತೆ ಇಳಿಕೆ.

ಒಂದು ವಿಚಿತ್ರ ಇಲ್ಲಿ ಎದುರಾಗುತ್ತದೆ. ಭಯದಿಂದ ನೆಲಕ್ಕೆ ಅಂಟಿಕೊಂಡೇ ಹಾರಿಸುವವರಿಗೆ ಹೆಚ್ಚು ಕಷ್ಟ. ರೋಟರ್‌ನ ವ್ಯಾಸದಷ್ಟು ಎತ್ತರದೊಳಗೆ ಯಂತ್ರ ತಾನೇ ಕೆಳಕ್ಕೆ ತಳ್ಳಿದ ಗಾಳಿಯ ಗೊಂದಲದಲ್ಲಿ ಹೊಯ್ದಾಡುತ್ತದೆ. ಜಿಗಿತ ಪಳಗಿದ ಮೇಲೆ ಮೊಣಕಾಲಿನಿಂದ ಸೊಂಟದ ಎತ್ತರಕ್ಕೆ ಏರಿಸಿ, ಅಲ್ಲಿ ಗಾಳಿ ತಿಳಿಯಾಗಿರುತ್ತದೆ. ಕಣ್ಣು ಬಾಲದ ಮೇಲಲ್ಲ, ಮೂತಿಯ ಮೇಲಿರಲಿ.

ನಿಂತಾಗ ಹೆಲಿಕಾಪ್ಟರ್ ಒಂದು ಬದಿಗೆ ಕೊಂಚ ವಾಲಿಯೇ ಇರುವುದನ್ನು ಕಂಡು ಕೆಲವರು ಮತ್ತೆ ಬಿಚ್ಚಿ ಜೋಡಿಸಲು ಕೂರುತ್ತಾರೆ. ಅದು ದೋಷವಲ್ಲ. ದೇಹ ಸುತ್ತದಂತೆ ತಡೆಯುವ ಬಾಲದ ರೋಟರ್ ಇಡೀ ಯಂತ್ರವನ್ನೂ ಪಕ್ಕಕ್ಕೆ ತಳ್ಳುತ್ತಿರುತ್ತದೆ. ಆ ತಳ್ಳುವಿಕೆಗೆ ಎದುರಾಗಿ ತುಸು ವಾಲಿದರೆ ಮಾತ್ರ ಒಂದೇ ಕಡೆ ನಿಲ್ಲಲು ಸಾಧ್ಯ. ಮೇಲಿನಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ರೋಟರ್ ತಿರುಗುವ ಮಾದರಿಗಳು ಬಲಕ್ಕೆ ವಾಲಿ ನಿಲ್ಲುತ್ತವೆ.

ಬಾಲ ನಮ್ಮ ಕಡೆಗಿಟ್ಟು ನಿಲ್ಲಿಸುವುದು ಬಂದ ಮೇಲೆ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ. ಕೊನೆಗೆ ಮೂತಿ ನಿಮ್ಮ ಕಡೆಗೆ. ಆಗ ಎಡ-ಬಲ ಅದಲುಬದಲು. ಇದಕ್ಕೊಂದು ಉಪಾಯವಿದೆ: ಯಾವ ಬದಿ ತಗ್ಗುತ್ತಿದೆಯೋ ಆ ಬದಿಗೇ ಕೋಲು ಒತ್ತಿ, ಬೀಳುವ ಚಪ್ಪರಕ್ಕೆ ಊರುಗೋಲು ಕೊಟ್ಟ ಹಾಗೆ. ಕೈಮೀರಿ ಹೋಯಿತು ಅನಿಸಿದರೆ ನೆಲಕ್ಕೆ ಬಡಿಯುವ ಮೊದಲೇ ಥ್ರಾಟಲ್ ಪೂರ್ತಿ ಇಳಿಸಿ. ತಿರುಗುವ ಶಕ್ತಿಯಲ್ಲಿ ಬಡಿದ ಬ್ಲೇಡ್ ಶಾಫ್ಟನ್ನೂ ಗೇರನ್ನೂ ಜೊತೆಗೆ ಮುರಿಯುತ್ತದೆ.

ಎಲ್ಲಿ, ಯಾವಾಗ?

ಕಲಿಯುವವರಿಗೆ ದೊಡ್ಡ ಶತ್ರು ಗಾಳಿ. ಆಷಾಢದಲ್ಲಿ ಶುರು ಮಾಡಬೇಡಿ. ರಾಗಿ ಕೊಯ್ಲು ಮುಗಿದ ಮೇಲಿನ ತಿಂಗಳುಗಳ ಬೆಳಗಿನ ಜಾವ ನಮಗೆ ಒಗ್ಗಿದ ಕಾಲ. ಹೊಲದ ಕೂಳೆಗೆ ಕಾಲು ಸಿಕ್ಕಿಕೊಳ್ಳುವುದರಿಂದ ಗಟ್ಟಿಯಾದ ಕಣವೋ, ಟಾರ್ಪಾಲ್ ಹಾಸಿದ ಜಾಗವೋ ಒಳ್ಳೆಯದು. ಮಕ್ಕಳು ಆಡುವ ಮೈದಾನ, ಕರೆಂಟ್ ತಂತಿ, ರಸ್ತೆ, ದನಕರು ಇರುವ ಕಡೆ ಬೇಡ. ಹೆಲಿಕಾಪ್ಟರ್ ಕಂಡೊಡನೆ ಮಕ್ಕಳು ಓಡಿ ಬರುತ್ತಾರೆ. ಅವರನ್ನು ದೂರ ನಿಲ್ಲಿಸಲೆಂದೇ ನಮ್ಮಲ್ಲಿ ಒಬ್ಬ ಯಾವಾಗಲೂ ಹಾರಿಸದೆ ಕಾವಲಿರುತ್ತಾನೆ.

ರಾಮನಗರದವರು ಒಂದು ವಿಷಯ ನೆನಪಿಡಬೇಕು. ರಾಮದೇವರ ಬೆಟ್ಟ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ಧಾಮ. ಅಲ್ಲಿ, ಅದರ ಸುತ್ತಮುತ್ತ ಏನನ್ನೂ ಹಾರಿಸುವ ಯೋಚನೆಯೇ ಬೇಡ. ಆದರೆ ದೂರದಿಂದ ಆ ಹಕ್ಕಿಗಳಿಂದ ಪಾಠ ಕಲಿಯಬಹುದು. ಬಂಡೆ ಕಾದು ಬಿಸಿಗಾಳಿ ಮೇಲೇಳುವ ತನಕ ರಣಹದ್ದು ಕಾಯುತ್ತದೆ, ಆಮೇಲೆ ಅದರ ಮೇಲೇರಿ ರೆಕ್ಕೆ ಬಡಿಯದೆ ತೇಲುತ್ತದೆ. ರಣಹದ್ದು ಹಾರಲು ಶುರು ಮಾಡುವ ಹೊತ್ತೇ ಕಲಿಯುವವರು ಹೆಲಿಕಾಪ್ಟರ್ ಇಳಿಸಿ ಮನೆಗೆ ಹೋಗುವ ಹೊತ್ತು.

ಇದರಿಂದ ಏನು ಸಿಗುತ್ತದೆ?

ಹೆಲಿಕಾಪ್ಟರ್ ಹಾರಿಸಿದ ಮಾತ್ರಕ್ಕೆ ಯಾರೂ ನೇಮಕಾತಿ ಪತ್ರ ಕೊಡುವುದಿಲ್ಲ. ಆದರೆ ಡ್ರೋನ್ ಕೆಲಸದ ಬಾಗಿಲು ತೆರೆದಿದೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣಾ ಆಸ್ತಿಗಳನ್ನು ಡ್ರೋನ್‌ನಿಂದಲೇ ಅಳೆಯುತ್ತಾರೆ. ಸ್ವಸಹಾಯ ಸಂಘಗಳ ಮಹಿಳೆಯರಿಗೆ ಸಿಂಪಡಣೆ ಡ್ರೋನ್ ಕೊಡುವ ‘ನಮೋ ಡ್ರೋನ್ ದೀದಿ’ 2023ರಲ್ಲಿ ಬಂತು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ‘ನ್ಯಾನೊ’ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. 2 ಕೆ.ಜಿ.ವರೆಗಿನದನ್ನು ವಾಣಿಜ್ಯೇತರವಾಗಿ ಹಾರಿಸುವವರಿಗೂ ಬೇಕಿಲ್ಲ. ದುಡಿಮೆಗಾಗಿ ಹಾರಿಸುವವರು 18ರಿಂದ 65 ವರ್ಷದೊಳಗಿದ್ದು, ಎಸ್‌ಎಸ್‌ಎಲ್‌ಸಿ ಪಾಸಾಗಿ, ಡಿಜಿಸಿಎ ಮಾನ್ಯತೆಯ ಸಂಸ್ಥೆಯಲ್ಲಿ ತರಬೇತಿ ಪಡೆದು ರಿಮೋಟ್ ಪೈಲಟ್ ಪ್ರಮಾಣಪತ್ರ ಪಡೆಯಬೇಕು. ಹಾರಿಸುವ ಮುನ್ನ ನಿಮ್ಮ ಜಾಗ ಹಸಿರು ವಲಯದಲ್ಲಿದೆಯೇ ಎಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಿ. ಆ ತರಬೇತಿಗೆ ಸಾವಿರಾರು ರೂಪಾಯಿ ಕಟ್ಟುವ ಮೊದಲೇ ಈ ಕೆಲಸ ನಿಮಗೆ ಒಗ್ಗುತ್ತದೆಯೇ ಎಂಬುದನ್ನು ಪುಟ್ಟ ಹೆಲಿಕಾಪ್ಟರ್ ಹೇಳಿಬಿಡುತ್ತದೆ.

ಕೈ ಪಳಗುವುದು ಯಾಕೆ ಮುಖ್ಯ ಎಂಬುದನ್ನು ನಮ್ಮ ನಾಲ್ಕು ತಾಲ್ಲೂಕಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಮಾವಿನ ತೋಟದ ಬದುವಿನಾಚೆಗೇ ಹಿಪ್ಪುನೇರಳೆ ಇರುತ್ತದೆ. ಮಾವು ಹೂ ಬಿಟ್ಟಾಗ ಜಿಗಿಹುಳುವಿಗೆ ಹೊಡೆಯುವ ಔಷಧಿ ಗಾಳಿಯಲ್ಲಿ ತೇಲಿ ಪಕ್ಕದ ಸೊಪ್ಪಿನ ಮೇಲೆ ಬಿದ್ದರೆ, ಆ ಸೊಪ್ಪು ತಿಂದ ರೇಷ್ಮೆ ಹುಳು ಸಾಯುತ್ತದೆ. ಸಾಲ ತಂದು ಮೊಟ್ಟೆ ಕೊಂಡು, ರಾತ್ರಿ ಹಗಲು ಸೊಪ್ಪು ಹಾಕಿ ಹುಳು ಬೆಳೆಸಿದ ಮನೆಯವರು ರಾಮನಗರದ ಗೂಡಿನ ಮಾರುಕಟ್ಟೆಗೆ ಬರಿಗೈಲಿ ಬರಬೇಕಾಗುತ್ತದೆ. ಡ್ರೋನ್ ಎಷ್ಟು ಲಕ್ಷದ್ದೇ ಆಗಿರಲಿ, ಗಾಳಿ ತಿರುಗಿದ್ದನ್ನು ಗಮನಿಸಿ ‘ಈಗ ಬೇಡ, ನಾಳೆ ಬೆಳಿಗ್ಗೆ ಹೊಡೆಯೋಣ’ ಎಂದು ತೋಟದವರಿಗೆ ಹೇಳಬೇಕಾದದ್ದು ಪೈಲಟ್.

ಗಾಳಿಯ ಮೇಲೆ ಆ ಗಮನ ಕೈಗೆ ಬರುವುದು ಕೊಳ್ಳುವುದರಿಂದಲ್ಲ, ನಿಲ್ಲಿಸಿ ನಿಲ್ಲಿಸಿ ಕಲಿಯುವುದರಿಂದ. ಒಂದು ಬ್ಯಾಟರಿಗೆ ಐದಾರು ನಿಮಿಷದ ಹಾರಾಟ. ಒಂದು ಬೆಳಗ್ಗೆ ಮೂರು ಬ್ಯಾಟರಿ ಖಾಲಿ ಮಾಡಿದರೆ ಸಾಕು, ಉಳಿದ ದಿನವೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಓದಬಹುದು, ಅರ್ಜಿ ಹಾಕಬಹುದು. ಕೆಲವು ವಾರಗಳ ನಂತರ ಒಂದು ದಿನ, ನೆಲದ ಮೇಲೆ ಬರೆದ ವೃತ್ತದ ಮೇಲೆ ಹೆಲಿಕಾಪ್ಟರ್ ಇಡೀ ಬ್ಯಾಟರಿ ಮುಗಿಯುವ ತನಕ ನಿಲ್ಲುತ್ತದೆ. ಅಲ್ಲಿ ಜಿಪಿಎಸ್ ಇರುವುದಿಲ್ಲ, ಇರುವುದು ನಿಮ್ಮ ಎರಡು ಹೆಬ್ಬೆರಳು ಮಾತ್ರ.